ಹಳೇ ಸ್ವಿಫ್ಟ್‌ಗೆ ಕಾಯಿಲೋವರ್: ಇಳಿಸೋಕಲ್ಲ, ಹಿಡಿತಕ್ಕೆ

ಕಾಯಿಲೋವರ್ ಅಂದ್ರೆ ಶಾಕ್ ಅಬ್ಸಾರ್ಬರ್ ಸುತ್ತ ಸ್ಪ್ರಿಂಗ್ ಕೂರಿಸಿ, ಎತ್ತರ ಹೊಂದಿಸೋಕೆ ಬರೋ ಸಸ್ಪೆನ್ಶನ್ ಕಿಟ್. ಆ ಹೆಸರು ಕೇಳಿದ ಕೂಡ್ಲೇ ಎಲ್ಲರ ಕಣ್ಣೂ ಹೋಗೋದು ಟೈರಿಗೂ ಫೆಂಡರಿಗೂ ನಡುವಿನ ಸಂದಿ ಮೇಲೆ. ಆದ್ರೆ ಕೈಮರ ದಾಟಿ ಮುಳ್ಳಯ್ಯನಗಿರಿ ಹತ್ತೋ, ಮಳೆಗಾಲದಲ್ಲಿ ಚಾರ್ಮಾಡಿ ಇಳಿಯೋ ಗಾಡಿಗೆ ಆ ಸಂದಿ ಬೇಕೇ ಬೇಕು. ಕಂಪನಿ ಎತ್ತರದಲ್ಲೇ ಇಡಿ. ತೀರಾ ಆಸೆ ಇದ್ರೆ 15 ಮಿಲಿಮೀಟರ್ ಇಳಿಸಿ, ಸಾಕು.

ಲೆಕ್ಕ ನೋಡಿ. ಹಳೇ ಪೆಟ್ರೋಲ್ ಸ್ವಿಫ್ಟ್ ಸುಮಾರು 1,000 ಕಿಲೋ, ಅದ್ರಲ್ಲಿ 600ರ ಆಸುಪಾಸು ಮುಂದೆ. ಚಕ್ರ, ಬ್ರೇಕಿನ ತೂಕ ಕಳೆದ್ರೆ ಮುಂದಿನ ಒಂದೊಂದು ಸ್ಪ್ರಿಂಗ್ ಮೇಲೆ 270 ಕಿಲೋ ಅಂದ್ಕೊಳ್ಳಿ. ಸ್ಪ್ರಿಂಗ್ 4ಕೆ ಅಂದ್ರೆ, ಒಂದು ಮಿಲಿಮೀಟರ್ ಅದುಮೋಕೆ 4 ಕಿಲೋ. ನಿಂತಲ್ಲೇ 67 ಮಿಲಿಮೀಟರ್ ಕೂರುತ್ತೆ. 8ಕೆ ಹಾಕಿದ್ರೆ ಬರೀ 34. ಗುಂಡಿ ಬಂದಾಗ ಚಕ್ರ ಕೆಳಗಿಳಿಯೋಕೆ ಅಷ್ಟೇ ಜಾಗ. ಆಮೇಲೆ ಟೈರು ಗಾಳೀಲಿ. ಎಸ್ಟೇಟ್ ರಸ್ತೆಗೆ 8ಕೆ ಶಿಕ್ಷೆ.

ಹಳೇ ಶಾಕ್ ಮೇಲೆ ತೊಡಿಸೋ ಸ್ಲೀವ್ ಕಿಟ್ ಅಗ್ಗ, ಆದ್ರೆ ಬೇಡ. ಆ ಶಾಕ್ ಕಂಪನಿ ಸ್ಪ್ರಿಂಗಿನ ಲೆಕ್ಕಕ್ಕೆ ಮಾಡಿದ್ದು. ಗಟ್ಟಿ ಸ್ಪ್ರಿಂಗ್ ಪುಟಿದ್ರೆ ಅದಕ್ಕೆ ಹಿಡಿಯೋಕಾಗಲ್ಲ, ಗಾಡಿ ಕುಣೀತಾನೇ ಇರುತ್ತೆ. ಶಾಕನ್ನ ಚಕ್ರದ ಕಡೆಗೆ ಹಿಡಿಯೋ ಕೆಳಗಿನ ಬ್ರಾಕೆಟ್ಟಿಗೂ ಥ್ರೆಡ್ ಇರೋ ಫುಲ್ ಬಾಡಿ ಕಿಟ್ ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಆದ್ರೂ ಸರಿ. ಶಾಕಿನ ರಾಡ್ ಒಳಗೆ ಒತ್ತಿ, ಕೈ ಬಿಡಿ: ಗ್ಯಾಸ್ ಶಾಕ್ ಆದ್ರೆ ತಾನಾಗೇ ನಿಧಾನಕ್ಕೆ ಹೊರಗೆ ಬರ್ಬೇಕು. ಸೀಲ್ ಹತ್ರ ಎಣ್ಣೆ ಜಿನುಗ್ತಿದ್ರೆ ವಾಪಸ್ ಕೊಟ್ಬಿಡಿ. ಹಿಂದೆ ಸ್ಪ್ರಿಂಗೇ ಬೇರೆ, ಶಾಕೇ ಬೇರೆ. ಅಲ್ಲಿ ಎತ್ತರ ಹೊಂದಿಸೋದು ಸ್ಪ್ರಿಂಗ್ ಕೂರೋ ಸೀಟಲ್ಲಿ. ಉಳಿದ ದುಡ್ಡಲ್ಲಿ ಮುಂದಿನ ಟಾಪ್ ಮೌಂಟ್ (ಶಾಕಿನ ತಲೆಯನ್ನ ಬಾಡಿಗೆ ಹಿಡಿಯೋ ಭಾಗ), ಅದ್ರ ಬೇರಿಂಗ್, ಲೋವರ್ ಆರ್ಮ್ ಬುಷ್ ಹೊಸದು ಹಾಕಿ. ಹಳೇ ಬೇರಿಂಗ್ ಬಿಟ್ರೆ ಸ್ಟೇರಿಂಗ್ ತಿರುಗಿಸಿದಾಗೆಲ್ಲ ಸ್ಪ್ರಿಂಗ್ ‘ಟಂಯ್’ ಅನ್ನುತ್ತೆ.

ಜ್ಯಾಕ್ ಹಾಕೋ ಮುಂಚೆ ಚಕ್ರದ ನಡುವಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರ್ಕೊಳ್ಳಿ. ಗಾಡಿ ಎತ್ತಿ ಚಕ್ರ ತೆಗೆದ್ರೆ ಕಾಣೋದು ನಕಲ್ (ಚಕ್ರದ ಹಬ್ ಕೂರೋ ಲೋಹದ ತುಂಡು) ಅನ್ನ ಶಾಕಿಗೆ ಹಿಡಿಯೋ ಎರಡು ಬೋಲ್ಟು. ಬಿಚ್ಚೋ ಮುಂಚೆ ಸುತ್ತ ಪೇಂಟಲ್ಲಿ ಗುರುತು ಹಾಕಿ. ತೂತಲ್ಲಿ ಕೂದಲೆಳೆ ಆಟ ಇದ್ರೂ ಕ್ಯಾಂಬರ್, ಅಂದ್ರೆ ಚಕ್ರ ಒಳಗೋ ಹೊರಗೋ ವಾಲಿರೋ ಕೋನ, ಬದಲಾಗುತ್ತೆ. ಬೋಲ್ಟ್ ತೆಗೆದ ತಕ್ಷಣ ನಕಲ್ ಹೊರಗೆ ವಾಲುತ್ತೆ. ತಂತಿ ಕಟ್ಟಿ ನಿಲ್ಲಿಸಿ, ಇಲ್ಲಾಂದ್ರೆ ಬ್ರೇಕ್ ಹೋಸ್ ಜಗ್ಗುತ್ತೆ, ಡ್ರೈವ್ ಶಾಫ್ಟ್ ಒಳಗಿನ ಜಾಯಿಂಟ್ ಕಳಚ್ಕೊಳ್ಳುತ್ತೆ. ಹಳೇ ಸ್ಟ್ರಟ್ಟಿಂದ (ಮುಂದಿನ ಶಾಕ್, ಸ್ಪ್ರಿಂಗ್ ಸೇರಿದ ಜೋಡಣೆ) ಟಾಪ್ ಮೌಂಟ್ ತೆಗೀಬೇಕಾದ್ರೆ ಸ್ಪ್ರಿಂಗ್ ಕಂಪ್ರೆಸರ್ ಇಲ್ದೆ ನಡುವಿನ ನಟ್ ಮುಟ್ಲೇಬೇಡಿ, ಪ್ರಾಣ ಹೋಗೋ ಕೆಲಸ. ಹೊಸದ್ರ ನಟ್ಟಿಗೆ ಇಂಪ್ಯಾಕ್ಟ್ ಗನ್ ಬೇಡ. ರಾಡ್ ಗಿರ್ರಂತ ತಿರುಗಿ ಸೀಲ್ ಹಾಳಾಗುತ್ತೆ.

ಸ್ಪ್ರಿಂಗ್ ಅಲ್ಲಾಡದ ಹಾಗೆ ಕಾಲರ್ (ಸ್ಪ್ರಿಂಗ್ ಕೆಳಗೆ ಥ್ರೆಡ್ಡಲ್ಲಿ ಕೂರೋ ಬಳೆ) ಕೈಯಲ್ಲೇ ತಿರುಗಿಸಿ, ಅದ್ರ ಮೇಲೆ ಇನ್ನು 2 ಮಿಲಿಮೀಟರ್ ಬಿಗಿ ಮಾಡಿ. ಎತ್ತರ ಏನಿದ್ರೂ ಕೆಳಗಿನ ಬ್ರಾಕೆಟ್ಟಲ್ಲಿ ಹೊಂದಿಸಿ. ರಬ್ಬರ್ ಬುಷ್ ಇರೋ ಬೋಲ್ಟ್‌ಗಳನ್ನ ಗಾಡಿ ನೆಲಕ್ಕಿಳಿದ ಮೇಲೇ ಫೈನಲ್ ಬಿಗೀಬೇಕು. ನೇತಾಡ್ತಿರುವಾಗ ಬಿಗಿದ್ರೆ ಬುಷ್ ತಿರುಚ್ಕೊಂಡು ಬೇಗ ಹರಿಯುತ್ತೆ.

100 ಕಿಲೋಮೀಟರ್ ಓಡ್ಸಿ, ಮತ್ತೆ ಅಳೆದು, ಮತ್ತೆ ಬಿಗಿದು, ಆಮೇಲೆ ವೀಲ್ ಅಲೈನ್ಮೆಂಟ್. ಇದನ್ನ ಬಿಟ್ರೆ ಟೈರಿನ ಒಳಅಂಚು ಸವೆದು ಹೋಗುತ್ತೆ, ಹೊರಗಿಂದ ಕಾಣೋದೂ ಇಲ್ಲ.

ಇನ್ನು ನಮ್ಮ ಕೆಂಪು ಕೆಸರು. ಥ್ರೆಡ್ಡಲ್ಲಿ ಒಣಗಿ ಕೂತಿದ್ದಾಗ ಕಾಲರ್ ತಿರುಗಿಸಿದ್ರೆ ಅಲ್ಯೂಮಿನಿಯಂ ಹಲ್ಲು ನುಣ್ಣಗಾಗುತ್ತೆ. ನೀರು, ಬ್ರಷ್, ಆಮೇಲೇ ಪಾನ (ಸ್ಪ್ಯಾನರ್).