ಪೈನ್ ಮರದ ಒಂದು ಹನಿ

ಕೇಳುಗರೆಲ್ಲರಿಗೂ ನಮಸ್ಕಾರ.

ಊಟಿಗೆ ಹೋಗಿಬಂದ ಮೈಸೂರಿನವರ ಮನೆಯಲ್ಲಿ ನೀಲಗಿರಿ ಎಣ್ಣೆಯ ಜೊತೆಗೆ ಒಂದೆರಡು ಪೈನ್ ಕಾಯಿಗಳೂ ಇರುತ್ತವೆ. ನಮ್ಮ ಷೋಕೇಸಿನಲ್ಲೂ ಒಂದಿದೆ. ಕಾಯಿ ಎನ್ನುತ್ತೇವೆ, ಆದರೆ ಹೂವೇ ಬಿಡದ ಮರಕ್ಕೆ ಕಾಯಿ ಎಲ್ಲಿಂದ ಬರಬೇಕು? ಅದು ಶಂಕು. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕುಳಿತ ಗಟ್ಟಿ ಹಲ್ಲೆಗಳು, ಒಂದೊಂದು ಹಲ್ಲೆಯ ಮೇಲೆ ಎರಡೆರಡು ಬೀಜ. ಹಣ್ಣಿನ ಹೊದಿಕೆಯಿಲ್ಲದ ಈ ಬೀಜದಿಂದಲೇ ಇವಕ್ಕೆ ಅನಾವೃತಬೀಜ ಸಸ್ಯಗಳೆಂಬ ಹೆಸರು.

ಮಂಡ್ಯದ ಕಡೆ ಹೊಲಗಳಲ್ಲಿ ಬೆಳೆಯುವ ಸರ್ವೆಯನ್ನೂ ಪೈನ್ ಜಾತಿಯೆಂದು ತಿಳಿದವರಿದ್ದಾರೆ. ನೋಟಕ್ಕೆ ಹಾಗೆಯೇ ಇದೆ, ಆದರೆ ಸರ್ವೆ ಹೂ ಬಿಡುವ ಮರ.

ಪೈನ್ ಮರದಲ್ಲಿ ಗಂಡು ಶಂಕು ಬೇರೆ, ಹೆಣ್ಣು ಶಂಕು ಬೇರೆ. ಗಂಡು ಶಂಕುಗಳು ಕಿರಿದು, ಮೃದು. ಕಾಲ ಬಂದಾಗ ಕೊಂಬೆ ಅಲುಗಿದರೆ ಸಾಕು, ಅರಿಸಿನದ ಪುಡಿ ತೂರಿದಂತೆ ಪರಾಗ ಏಳುತ್ತದೆ. ಒಂದೊಂದು ಕಣಕ್ಕೂ ಎರಡು ಗಾಳಿಚೀಲಗಳಿವೆ. ಜೇನುಹುಳುವಿನ ಹಂಗಿಲ್ಲ, ಎಲ್ಲವೂ ಗಾಳಿಯದೇ ಕೆಲಸ.

ಆ ಹೊತ್ತಿಗೆ ಎಳೆಯ ಹೆಣ್ಣು ಶಂಕುವಿನ ಹಲ್ಲೆಗಳು ತುಸುವೇ ಬಿಟ್ಟುಕೊಂಡಿರುತ್ತವೆ. ಒಳಗೆ ಅಂಡಕದ, ಎಂದರೆ ಮುಂದೆ ಬೀಜವಾಗುವ ಭಾಗದ, ಬಾಯಲ್ಲಿ ಒಂದು ಹನಿ ಒಸರಿ ನಿಂತಿರುತ್ತದೆ. ತೇಲಿಬಂದ ಪರಾಗ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಹನಿ ಒಳಕ್ಕೆ ಇಂಗುವಾಗ ಪರಾಗವೂ ಅಂಡಕದೊಳಗೆ ಸೇರುತ್ತದೆ. ಇಡೀ ಕಾಡಿನ ಸಂತತಿ ಸಾಸಿವೆಗಿಂತಲೂ ಚಿಕ್ಕದಾದ ಈ ಹನಿಯನ್ನು ನಂಬಿಕೊಂಡಿದೆ ಎಂದು ತಿಳಿದ ದಿನ ನನಗೆ ಮಾತೇ ಹೊರಡಲಿಲ್ಲ.

ಬಳಿಕ ಹಲ್ಲೆಗಳು ಮುಚ್ಚಿಕೊಳ್ಳುತ್ತವೆ, ಕಾಯುವ ಕೆಲಸ ಶುರುವಾಗುತ್ತದೆ. ನಮ್ಮ ನಾಲೆ ಬಯಲಿನ ಭತ್ತ ಹೂವಾದ ಸುಮಾರು 30 ದಿನಗಳಲ್ಲಿ ಕಾಳು ಬಲಿಯುತ್ತದೆ. ಪೈನ್ ಮರದಲ್ಲಿ ಪರಾಗ ಬಂದಾಗ ಅಂಡಕದೊಳಗಿನ ಅಂಡವೇ ಇನ್ನೂ ಸಿದ್ಧವಾಗಿರುವುದಿಲ್ಲ. ಪರಾಗದಿಂದ ಹೊರಡುವ ಪರಾಗನಳಿಕೆ ನಿಧಾನವಾಗಿ ಬೆಳೆದು ಅಂಡವನ್ನು ಮುಟ್ಟಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಬೀಜ ಬಲಿಯುವಾಗ ಎರಡನೆಯ ವರ್ಷ ನಡೆಯುತ್ತಿರುತ್ತದೆ. ಹೀಗಾಗಿ ಒಂದೇ ಕೊಂಬೆಯಲ್ಲಿ ಈ ವರ್ಷದ ಹಸುಳೆ ಶಂಕು, ಹೋದ ವರ್ಷದ ಹಸಿರು ಶಂಕು, ಒಣಗಿ ಬಾಯ್ದೆರೆದ ಕಂದು ಶಂಕು ಒಟ್ಟಿಗೇ ಕಾಣುತ್ತವೆ.

ಬಲಿತ ಬೀಜಕ್ಕೆ ತೆಳ್ಳನೆಯ ರೆಕ್ಕೆಯಿದೆ. ಬಿಸಿಲಿಗೆ ಹಲ್ಲೆ ಬಿಚ್ಚಿದಾಗ ಅದು ಗಿರಗಿರನೆ ತಿರುಗುತ್ತಾ ದೂರ ಹೋಗಿ ಬೀಳುತ್ತದೆ. ಮಳೆಗೆ ಹಲ್ಲೆ ಮುಚ್ಚುತ್ತದೆ, ತೊಯ್ದ ಬೀಜ ದೂರ ಹಾರದು.

ನಿಮ್ಮ ಮನೆಯಲ್ಲಿ ಒಣಗಿದ ಶಂಕುವಿದ್ದರೆ ನೀರಿನ ಬೋಗುಣಿಯಲ್ಲಿ ಹಾಕಿಡಿ. ಸ್ವಲ್ಪ ಹೊತ್ತಿನಲ್ಲಿ ಅದು ಮುದುಡಿಕೊಳ್ಳುತ್ತದೆ. ಜೀವವಿದೆಯೆಂದಲ್ಲ, ಹಲ್ಲೆಯ ಹೊರಪದರ ಒಳಪದರಕ್ಕಿಂತ ಹೆಚ್ಚು ಉಬ್ಬುತ್ತದೆ, ಅಷ್ಟೇ. ಬಿಸಿಲಿಗಿಟ್ಟರೆ ಮತ್ತೆ ಅರಳುತ್ತದೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ನಮಸ್ಕಾರ.