ಮೊಣಕೈ ಕೆಳಗೆ ಏನೂ ಬೇಡ

ನಮಸ್ಕಾರ. ಜಗಳೂರು, ಹೊಸದುರ್ಗ, ಮೊಳಕಾಲ್ಮೂರು ಕಡೆಯಿಂದ ಟ್ರಂಕ್ ಹೊತ್ತುಕೊಂಡು ನರ್ಸಿಂಗ್ ಹಾಸ್ಟೆಲ್‌ಗೆ ಬಂದಿರುವ ಮಕ್ಕಳೇ, ಅವರನ್ನು ಬಿಟ್ಟು ಊರಿಗೆ ಹೋದ ಅಪ್ಪ ಅಮ್ಮಂದಿರೇ, ಇವತ್ತು ನಿಮ್ಮ ಜೊತೆಗೇ ಮಾತು. ಯೂನಿಫಾರ್ಮ್ ಬಗ್ಗೆ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ, ಸಾಕು. ಮೊಣಕೈ ಕೆಳಗೆ ಏನೂ ಬೇಡ. ಬಳೆ ಬೇಡ, ಉಂಗುರ ಬೇಡ, ಜಾತ್ರೆಯಲ್ಲಿ ಕಟ್ಟಿಸಿಕೊಂಡ ದಾರ ಬೇಡ, ವಾಚೂ ಬೇಡ.

"ಹೆಣ್ಣುಮಕ್ಕಳು ಬರಿಗೈಲಿ ಇರಬಾರದು ಅಲ್ವಾ ಮೇಡಂ" ಅಂತ ಪ್ರತಿ ವರ್ಷ ಯಾರಾದರೊಬ್ಬ ತಾಯಿ ಕೇಳುತ್ತಾರೆ. ಅವರಿಗೆ ನಾನು ಈ ಕಥೆ ಹೇಳುತ್ತೇನೆ.

ಎರಡನೇ ವರ್ಷದ ಹುಡುಗಿ ಒಬ್ಬಳಿಗೆ ಹಿಂದಿನ ವಾರವಷ್ಟೇ ನಿಶ್ಚಿತಾರ್ಥ ಆಗಿತ್ತು. ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. ತೆಗಿ ಅಂದೆ, ಕಣ್ಣಲ್ಲಿ ನೀರು ತಂದುಕೊಂಡಳು, ಇವತ್ತೊಂದು ದಿನ ಅಂತ ನಾನೂ ಸುಮ್ಮನಾದೆ. ಅದು ನನ್ನ ತಪ್ಪು. ವಾರ್ಡ್‌ನಲ್ಲಿ ಮಲಗಿದಲ್ಲೇ ಇದ್ದ ಅಜ್ಜ ಒಬ್ಬರಿದ್ದರು, ಬೆನ್ನು ಹುಣ್ಣಾಗದ ಹಾಗೆ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇವಳು ಎತ್ತುವಾಗ ಮಂಚದ ಕಂಬಿಗೆ ಕೈ ಬಡಿಯಿತು. ಟಕ್ ಅಂತ ಒಂದು ಬಳೆ ಒಡೆಯಿತು. ಚೂರುಗಳನ್ನೆಲ್ಲ ಆರಿಸಿ ಕಿಡ್ನಿ ಟ್ರೇನಲ್ಲಿ, ಅಂದರೆ ವಾರ್ಡಿನ ಬಾಗಿದ ಸ್ಟೀಲ್ ತಟ್ಟೆಯಲ್ಲಿ, ದುಂಡಗೆ ಜೋಡಿಸಿದೆವು, ಪೂರ್ತಿ ಸಿಕ್ಕಿತೋ ಇಲ್ಲವೋ ಗೊತ್ತಾಗಬೇಕಲ್ಲ. ಉಗುರಿನಷ್ಟು ಜಾಗ ಖಾಲಿ ಉಳಿಯಿತು. ಬೆಡ್‌ಶೀಟ್ ತೆಗೆದೆವು, ಟಾರ್ಚ್ ಹಾಕಿದೆವು, ಬೆರಳಿಗೆ ಅಂಟು ಹೊರಗೆ ಬರುವ ಹಾಗೆ ಪ್ಲಾಸ್ಟರ್ ಪಟ್ಟಿ ಸುತ್ತಿಕೊಂಡು ಹಾಸಿಗೆಯೆಲ್ಲ ಒತ್ತಿ ನೋಡಿದೆವು. ಕೊನೆಗೆ ಸಿಕ್ಕಿದ್ದು ಅಜ್ಜನ ಸೊಂಟದ ಮಡಿಕೆಯಲ್ಲಿ. ವಯಸ್ಸಾದವರ ಚರ್ಮ ಈರುಳ್ಳಿ ಸಿಪ್ಪೆ ಇದ್ದ ಹಾಗೆ. ಸಾಸಿವೆ ಕಾಳಿನಷ್ಟು ರಕ್ತ ಬಂದಿತ್ತು. "ಹೋಗ್ಲಿ ಬಿಡವ್ವ" ಅಂದರು ಅಜ್ಜ. ಆ ಹುಡುಗಿ ಮಾತಾಡದೆ ಉಳಿದ ಬಳೆಗಳನ್ನು ತೆಗೆದು ಕರ್ಚೀಫಿನಲ್ಲಿ ಕಟ್ಟಿಟ್ಟಳು.

ಅದು ಕಣ್ಣಿಗೆ ಕಂಡ ಗಾಯ. ಕಾಣದ್ದು ಇನ್ನೂ ಜಾಸ್ತಿ. ಸೋಪು ಹಚ್ಚಿ 40ರಿಂದ 60 ಸೆಕೆಂಡು ಕೈ ತೊಳೆಯಿರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಂಗುರದ ಅಡಿಗೆ ಸೋಪು ಹೋಗುವುದೆಲ್ಲಿ? ದಾರ ಒಮ್ಮೆ ಒದ್ದೆಯಾದರೆ ಎಷ್ಟು ಹೊತ್ತು ಹಸಿ ಇರುತ್ತದೆ, ನೀವೇ ನೋಡಿದ್ದೀರಿ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಡಾಕ್ಟರ್ ಸೆಮ್ಮೆಲ್ವೈಸ್ ಎಲ್ಲರ ಕೈ ತೊಳೆಸಲು ಶುರು ಮಾಡಿದ ಮೇಲೆ ಬಾಣಂತಿಯರ ಸಾವು ಒಮ್ಮೆಗೇ ಇಳಿಯಿತು. ಕೈ ಅಷ್ಟು ದೊಡ್ಡ ವಿಷಯ. ಅದಕ್ಕೇ ಮತ್ತೆ ಹೇಳುತ್ತೇನೆ, ಮೊಣಕೈ ಕೆಳಗೆ ಏನೂ ಬೇಡ.

ನಾಡಿ ಎಣಿಸಲು ವಾಚ್ ಬೇಕಲ್ಲ ಅಂತೀರಾ? ಸೆಕೆಂಡ್ ಮುಳ್ಳಿರುವ ವಾಚನ್ನು ಎದೆಗೆ ಪಿನ್ ಮಾಡಿಕೊಳ್ಳಿ. ಮದುವೆಯಾದವರು ತಾಳಿಯನ್ನು ಒಳಗೆ ಸೇರಿಸಿಕೊಳ್ಳಿ, ಅದಕ್ಕೆ ಯಾರದ್ದೂ ತಕರಾರಿಲ್ಲ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಉಗುರು ಗಿಡ್ಡ ಇರಲಿ, ಬಣ್ಣ ಬೇಡ. ಜಡೆ ಮೇಲೆ ಕಟ್ಟಿ. ಶೂ ಮುಂದುಗಡೆ ಮುಚ್ಚಿರಲಿ, ಸೂಜಿ ಬೀಳುವುದು ಕಾಲಿನ ಮೇಲೇ. ಯೂನಿಫಾರ್ಮ್ ಬೇರೆ ಬಟ್ಟೆ ಜೊತೆ ನೆನೆಸಬೇಡಿ, ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ, ದಾವಣಗೆರೆಯಲ್ಲಿ ಬಿಸಿಲಿಗೇನು ಬರವೇ?

ಇನ್ನೂ ಬಟ್ಟೆ ಹೊಲಿಸದವರು ಟೈಲರ್‌ಗೆ ಅಳತೆ ಕೊಡುವಾಗಲೇ ತೋಳು ಮೊಣಕೈ ಮೇಲೆ ನಿಲ್ಲಲಿ ಅಂತ ಹೇಳಿ. ಉದ್ದ ಹೊಲಿಸಿ ಆಮೇಲೆ ಮಡಚಿಕೊಂಡರೆ ಕೊಳೆ ಕೂರುವುದು ಆ ಮಡಿಕೆಯಲ್ಲೇ. ನಮಸ್ಕಾರ.