ಬೂಷ್ಟು ಹಿಡಿದ ಶೇಂಗಾ ಯಕೃತ್ತಿನಲ್ಲಿ ಮಾಡುವುದೇನು?

(ದೃಶ್ಯ: ಚಳ್ಳಕೆರೆ. ಶೇಂಗಾ ರಾಶಿಯ ಮುಂದೆ ಬೀಜ ಆರಿಸುತ್ತಿರುವ ಕೈಗಳು. ಒಂದೇ ಬೀಜದ ಮೇಲೆ ಕ್ಯಾಮೆರಾ ನಿಲ್ಲುತ್ತದೆ.)

ಈ ಬೀಜ ನೋಡಿ. ಮುರುಟಿಕೊಂಡಿದೆ, ಸೀಳಿನಲ್ಲಿ ಹಸಿರು ಬೂಷ್ಟು. ಎಣ್ಣೆ ಗಿರಣಿಗಳ ಈ ಊರಿನಲ್ಲಿ ಇಂಥದ್ದನ್ನು ಹೆಕ್ಕಿ ಮಂಕರಿಗೆ ಎಸೆಯಲು ಯಾರೂ ಕಲಿಸಬೇಕಾಗಿಲ್ಲ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಈ ಬೂಷ್ಟು ಮಣ್ಣಿನೊಳಗೇ ಹತ್ತಿಕೊಳ್ಳುತ್ತದೆ. ಅದು ಬಿಡುವ ವಿಷ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದ ಶೇಂಗಾ ಹಿಂಡಿಯ ಜಾಡು ಹಿಡಿದು ಇದನ್ನು ಪತ್ತೆ ಮಾಡಿದರು.

ವಿಚಿತ್ರವೆಂದರೆ, ಹೊಟ್ಟೆಗೆ ಹೋದ ಅಫ್ಲಾಟಾಕ್ಸಿನ್‌ಗೆ ಹಲ್ಲು ಮೂಡಿಸುವುದು ನಮ್ಮದೇ ಯಕೃತ್ತು. ವಿಷ ನೀರಿನಲ್ಲಿ ಕರಗಿ ಹೊರಹೋಗಲಿ ಎಂದು ಅಲ್ಲಿನ ಕಿಣ್ವಗಳು ಅದಕ್ಕೊಂದು ಆಮ್ಲಜನಕದ ಪರಮಾಣು ಸೇರಿಸುತ್ತವೆ. ಉದ್ದೇಶವೇನೋ ಒಳ್ಳೆಯದು, ಹುಟ್ಟುವುದು ಮಾತ್ರ ಎಪಾಕ್ಸೈಡ್, ಸಿಕ್ಕಿದ್ದಕ್ಕೆ ಮೆತ್ತಿಕೊಳ್ಳುವ ವಸ್ತು. ಅದರಲ್ಲಿ ಒಂದಷ್ಟನ್ನು ಗ್ಲುಟಾಥಯೋನ್ ಎಂಬ ಜೀವಕೋಶದ ರಕ್ಷಕ ವಸ್ತು ಹಿಡಿದು ಸಾಗಹಾಕುತ್ತದೆ. ತಪ್ಪಿಸಿಕೊಂಡದ್ದರಲ್ಲಿ ಒಂದು ಪಾಲು ಡಿಎನ್‌ಎಯ ನಾಲ್ಕು ಅಕ್ಷರಗಳಾದ ಎ, ಟಿ, ಜಿ, ಸಿಗಳಲ್ಲಿ ಜಿಗೆ, ಅಂದರೆ ಗ್ವಾನಿನ್‌ಗೆ ಅಂಟುತ್ತದೆ.

(ದೃಶ್ಯ: ತೆರೆಯ ಮೇಲೆ ಎ, ಜಿ, ಜಿ. ಕೊನೆಯ ಜಿ ಮಸುಕಾಗಿ ಟಿ ಆಗುತ್ತದೆ.)

ಜೀವಕೋಶ ಒಡೆದು ಎರಡಾಗುವ ಮೊದಲು ಡಿಎನ್‌ಎ ನಕಲಾಗಬೇಕು. ಅಂಟಿಕೊಂಡ ಕಡೆ ಓದು ತಪ್ಪಿ, ಜಿ ಇದ್ದಲ್ಲಿ ಟಿ ಬರುತ್ತದೆ. ದುರಸ್ತಿಯ ವ್ಯವಸ್ಥೆಯೂ ಇದೆ. ಅದರ ಕಣ್ಣು ತಪ್ಪಿಸಿ, ಟಿಪಿ53 ಎಂಬ ವಂಶವಾಹಿಯ 249ನೇ ಮೂರಕ್ಷರದ ಗುಂಪಾದ ಎಜಿಜಿಯಲ್ಲಿ ಈ ತಪ್ಪು ಉಳಿಯಿತೋ, ಕೆಲಸ ಕೆಟ್ಟಿತು. ಹಾಳಾದ ಜೀವಕೋಶವನ್ನು ತಡೆದು ನಿಲ್ಲಿಸುವ, ಸರಿಹೋಗದಿದ್ದರೆ ಸಾಯಿಸುವ ಪ್ರೋಟೀನು ತಯಾರಾಗುವುದು ಅದೇ ವಂಶವಾಹಿಯಿಂದ. 1991ರಲ್ಲಿ ಚೀನಾ ಮತ್ತು ಆಫ್ರಿಕಾ ಖಂಡದ ದಕ್ಷಿಣ ಭಾಗದ ರೋಗಿಗಳ ಯಕೃತ್ತಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಇದೇ ಜಾಗದ ಇದೇ ತಪ್ಪು ಮತ್ತೆ ಮತ್ತೆ ಕಂಡಿತು, ದನಕ್ಕೆ ಹಾಕಿದ ಬರೆಯಷ್ಟು ಸ್ಪಷ್ಟವಾಗಿ.

ಒಂದು ಕಹಿ ಬೀಜ ಬಾಯಿಗೆ ಬಂದಿತೆಂದು ಕಂಗಾಲಾಗಬೇಡಿ. ಕ್ಯಾನ್ಸರ್ ಆಗಲು ಒಂದೇ ಜೀವಕೋಶದ ಸಂತತಿಯಲ್ಲಿ ಇಂಥ ಹಲವು ತಪ್ಪುಗಳು ಕೂಡಬೇಕು, ಅದಕ್ಕೆ ವರ್ಷಗಟ್ಟಲೆ ಬೇಕು. ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಸೋಂಕು ಇರುವವರ ಮಾತು ಬೇರೆ: ಅವರ ಯಕೃತ್ತಿನಲ್ಲಿ ಜೀವಕೋಶಗಳು ಸಾಯುತ್ತ ಹುಟ್ಟುತ್ತ ಇರುವುದರಿಂದ ನಕಲೂ ಹೆಚ್ಚು, ತಪ್ಪೂ ಹೆಚ್ಚು. ಇನ್ನು, ಹುರಿದರೆ ವಿಷ ಹೋಗುತ್ತದೆ ಎನ್ನುವವರಿದ್ದಾರೆ. ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

(ದೃಶ್ಯ: ಆರಿಸಿ ಬದಿಗಿಟ್ಟ ಬೀಜಗಳ ಮಂಕರಿ.)

ಈ ಮಂಕರಿ ಎಲ್ಲಿಗೆ ಹೋಗುತ್ತದೆ? ಗಾಣಕ್ಕೆ ಹೋದರೆ ವಿಷದ ದೊಡ್ಡ ಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿ ಹಸುವಿಗೆ. ಹಸುವಿನ ಯಕೃತ್ತೂ ತನ್ನ ಕೆಲಸ ಮಾಡುತ್ತದೆ. ವಿಷವನ್ನು ತುಸು ಬದಲಿಸಿ, ಒಂದಿಷ್ಟನ್ನು ಹಾಲಿಗೆ ಬಿಡುತ್ತದೆ.